ರಿಪೇರಿಯವನ ಸಾಕ್ಷಿ

ತುಳಜಾಸಾ ಬದ್ದಿ ಕೆಂಪು ಡಬ್ಬಿ ತರಿಸಿದ.
ಅವನ ಬೀಗ ವಿಠ್ಠಲಸಾ ಮಿಸ್ಕಿನ್
ಮೂರು ವಾರಕ್ಕ ನೀಲಿ ಡಬ್ಬಿ ತರಿಸಿದ.
ಎರಡೂ ದುಬೈದಿಂದ, ಎರಡನ್ನೂ ತಂದವ ಒಬ್ಬನ ಹುಡುಗ,
ಎರಡೂ ಸಲ ಬಾಡಿಗಿ ತೊಗೊಂಡ.

ಎರಡು ಸಾವಿರದ ಏಳು.
ಟಾಂಗಾಕೂಟದ ಹಿಂದ ನನ್ನ ಅಂಗಡಿ.
ಮಿರ್ಚಿ ಕರಿಯೋ ಎಣ್ಣಿ ಹೊಗಿ, ನನ್ನ ಸೋಲ್ಡರಿನ ಹೊಗಿ
ಬಾಗಿಲದಾಗ ಭೇಟಿಯಾಗಿ ಒಂದಾಗಿಬಿಡತಿದ್ದವು.
ಮದುವಿಯಾಗ ಬುಂದಿ ಕಡಿಮಿ ಬಿತ್ತಂತ
ಮಾತು ಬಿಟ್ಟಿದ್ದ ಬೀಗರು, ಒಬ್ಬ ಗದಗಿನವ, ಒಬ್ಬ ಬೆಟಗೇರಿಯವ.
ನಗರಸಭಾದವರು ಎರಡೂ ಊರಿನ ನಡುವ
ಒಂದು ಅಡ್ಡಗೆರಿ ಎಳೆದು ಬೋರ್ಡ್ ಬರಸ್ಯಾರಲ್ಲ,
ಆ ಗೆರಿ ಮ್ಯಾಲ ಸ್ಟೂಲ್ ಹಾಕ್ಕೊಂಡು ಕುಂತಂಗ ಕುಂತಿದ್ದೆ ನಾನು.

‘ನಂದರಾಗ ಮೀನಿನ ಪರಿ ಎಣಸಬಹುದು, ಮಾಬುಸಾ,
ಒಂದೊಂದ ಪರಿ!’ ಅಂತಿದ್ದ ತುಳಜಾಸಾ.
ಅವನ ಹತ್ರ ಇದ್ದದ್ದು ಒಂದ ತಟ್ಟಿ, ಸಮುದ್ರದ ತಳದ್ದು.
ಮಗ್ಗದ ಓಣಿ ಹುಡುಗರು ರವಿವಾರ ಬಂದು
ಅದ ಕಲ್ಲಿನ ಹಿಂದಿಂದ ಅದ ಹೊತ್ತಿಗೆ
ಅದ ಮೀನು ಹೊರಬೀಳೋದನ್ನ ಕಾಯತಿದ್ದವು.
ಗುರುಬಸ್ಯಾ ಅಂತ ಹೆಸರಿಟ್ಟಿದ್ದವು ಅದಕ್ಕ.
‘ಈಗ ಬರ್ತಾನ, ಈಗ… ಬಂದ!’
ಕರೆಂಟ್ ಹೋದರ ಗುರುಬಸ್ಯಾ ಕಲ್ಲಿನ ಹಿಂದ ಉಳೀತಿದ್ದ.

ವಿಠ್ಠಲಸಾನ ಹತ್ರ ಎರಡು ತಟ್ಟಿ.
ಒಂದರಾಗ ಕಾರಿನ ರೇಸು.
ಇನ್ನೊಂದರಾಗ ಯಾವುದೋ ದೇಶದ ದಪ್ಪ ಹೆಣ್ಣುಮಗಳು
ಸಾಯೂತನಕ ಹಾಡತಾಳ, ಸತ್ತ ಮ್ಯಾಲೂ ಸ್ವಲ್ಪ ಹೊತ್ತು.
‘ಆಕಿ ಹಲ್ಲಿನ ಸಂದಿ ಕಾಣಸ್ತದ ನೋಡು,’ ಅಂತಿದ್ದ.

ಇಬ್ಬರ ಟೀವಿನೂ ಹಿಂದ ಹೊಟ್ಟಿ ಬಂದ ಹಳೇ ಡಬ್ಬಾ.
ಅಷ್ಟೆಲ್ಲಾ ಸ್ವಚ್ಛ ಚಿತ್ರ ಅದರ ಗಾಜಿನತನಕ ಬರೂದ್ರಾಗ
ಎಲ್ಲಾರ ಮನ್ಯಾಗಿನ ಚಿತ್ರ ಆಗತಿತ್ತು.
ನನಗ ಗೊತ್ತಿತ್ತು. ಹೇಳಲಿಲ್ಲ.
ಪರಿ ಎಣಸಿದವನ ಮುಂದ ಎಣಿಕಿ ತಪ್ಪಂತ
ಹೆಂಗ ಹೇಳೂದು?

ಬ್ಯಾಸಗ್ಯಾಗ ಎರಡೂ ಮಷೀನು ಒಂದ ವಾರದಾಗ ಕೆಟ್ಟು ಬಂದವು.
ಒಂದರ ಹೊಟ್ಟಿಯೊಳಗ ಮಗ್ಗದ ಹತ್ತಿ ಜುಂಜು,
ಇನ್ನೊಂದರಾಗ ಜಿರಲಿ ಸಂಸಾರ.
ರಾತ್ರಿ ಶಟರ್ ಎಳೆದು ಎರಡನ್ನೂ ಬಿಚ್ಚಿ
ಬಾಜೂಕ ಬಾಜೂ ಮಲಗಿಸಿದೆ.
ಅಲ್ಲಾ! ಎರಡರಾಗೂ ಅದ ಕಣ್ಣು.
ಕಾಣಸ್ತದೋ ಇಲ್ಲೋ ಅನ್ನೂ ಹಂತಾ
ಜಾಮೂನ ನೀಲಿ ಬೆಳಕು, ಸೂಜಿ ಮೊನಿಯಷ್ಟು.
ಒಂದು ತಟ್ಟಿಯ ಬರಹ ತೊಗಲಿನ ಕೆಳಗ,
ಇನ್ನೊಂದರದು ಮಾಂಸದ ನಡುವ.
ಜಗಳ ಇದ್ದದ್ದು ಆ ಅರ್ಧ ಮಿಲಿಮೀಟರಿಂದು.

ಫೆಬ್ರುವರಿಯಾಗ ಪೇಪರಿನ ಒಳಪುಟದಾಗ ನಾಕು ಸಾಲು:
ಕೆಂಪು ಡಬ್ಬಿಯ ಕಂಪನಿ ಕೈ ಎತ್ತಿತ್ತು.
ವಿಠ್ಠಲಸಾ ಬೀಗರ ಮನಿಗೆ ಅರ್ಧ ಕಿಲೋ ಪೇಢೆ ಕಳಸಿದ.
ತುಳಜಾಸಾ ತಕ್ಕಡ್ಯಾಗ ಇಟ್ಟು ನೋಡಿ, ಕಡಿಮಿ ಐತಿ ಅಂತ
ವಾಪಸ್ ಕಳಸಿದ.
ಡಬ್ಬಿ ತಂದು ಒಯ್ದ ಮಗಳು ರೂಪಾಬಾಯಿ
ಬರೂವಾಗ ಎರಡು, ಹೋಗೂವಾಗ ಮೂರು ತಿಂದಿದ್ದಳು.
ಆ ಯುದ್ಧದಾಗ ಯಾರು ಗೆದ್ದರಂತ ಕೇಳಿದರ
ನಾನು ಆಕಿ ಹೆಸರು ಹೇಳತೀನಿ.

ಬಸ್‌ಸ್ಟ್ಯಾಂಡಿನಾಗ ಯಾರಿಗೂ ಸುದ್ದಿ ಮುಟ್ಟಲಿಲ್ಲ.
ಅಲ್ಲಿ ಇಪ್ಪತ್ತು ರೂಪಾಯಿಗೆ ಐದು ಸಿನಿಮಾ,
ಹೆಸರು ಸ್ಕೆಚ್ ಪೆನ್ನಿಲೆ ಬರದದ್ದು, ತಪ್ಪು ತಪ್ಪು.
ಆಮ್ಯಾಲ ಅವೂ ಹೋದವು.
ಉಗುರಿನಷ್ಟು ಕಾರ್ಡು ಬಂತು, ಆಮ್ಯಾಲ ಅದೂ.

ಎರಡೂ ಮಷೀನು ನನ್ನ ಅಟ್ಟದ ಮ್ಯಾಲ ಉಳದವು.
ಮೊನ್ನೆ ಒಂದರ ಕಣ್ಣು ಕಿತ್ತು, ಬ್ಯಾಟರಿಗೆ ಹಚ್ಚಿ
ಬರ್ತದೋ ಇಲ್ಲೋ ನೋಡಲಿಕ್ಹತ್ತಿದ್ದೆ.
ಕರೆಂಟ್ ಇರಲಿಲ್ಲ. ತುಳಜಾಸಾ ಚಾ ಹಿಡಕೊಂಡು ಕುಂತಿದ್ದ,
ಸಬಕಾರದ ಪುಡಿಯಾಗ ಒಗದ ಬಿಳೇ ಅಂಗಿ.
ನೀಲಿ ಚುಕ್ಕಿ ಅವನ ಎದಿ ಮ್ಯಾಲ ಬಿದ್ದದ್ದ ತಡ,
ಅಂಗಿ ಒಳಗಿಂದ ದೀಪ ಹಚ್ಚಿದಂಗ ಉರೀತು.
ಚಾ ಕೆಳಗಿಡೂದು ಮರತ.

‘ಯಾವುದರದು ಇದು?’ ಅಂದ ಸಾವಕಾಶ,
‘ನಂದೋ, ಬೀಗಂದೋ?’

ನೆನಪಿಲ್ಲ, ಅಂದೆ.